ಯಾಟೆ ತೂರಾಡುತ್ತಿದೆ: ಕಾಲಿನ ದೋಷವೋ, ನಿತ್ರಾಣವೋ?

ಪ್ರಶ್ನೆ: ಹಿತ್ತಲಲ್ಲಿ ಆರು ಗಿರಿರಾಜ ಕೋಳಿಗಳಿವೆ. ಹದಿನೆಂಟು ವಾರದ ಒಂದು ಯಾಟೆ (ಎಳೆಯ ಹೆಣ್ಣುಕೋಳಿ) ಆರು ದಿನದಿಂದ ತೂರಾಡುತ್ತಿದೆ, ನಾಲ್ಕು ಹೆಜ್ಜೆ ಇಟ್ಟು ಕೂರುತ್ತದೆ, ಎಡಗಾಲು ಎಳೆಯುತ್ತದೆ. ಹಾಕಿದ್ದನ್ನು ತಿನ್ನುತ್ತದೆ, ಆದರೂ ಹಗುರವಾಗಿದೆ. ಹಿಕ್ಕೆ ಹಸಿರು. ಉಳಿದವು ಚೆನ್ನಾಗಿವೆ. ಮರಿಗಳನ್ನು ಸಂತೆಯಲ್ಲಿ ಕೊಂಡದ್ದು, ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟ ಲಸಿಕೆಯ ಹನಿ ಹಾಕಿಸಿದ್ದೇವೆ. ಅಂಗಡಿಯವರು ಕೊಟ್ಟ ಕ್ಯಾಲ್ಸಿಯಂ ಟಾನಿಕ್ ಮೂರು ದಿನ ಕುಡಿಸಿದರೂ ಗುಣ ಕಾಣಲಿಲ್ಲ. ಏನಾಗಿರಬಹುದು?
— ಓದುಗರು, ತಿಪಟೂರು

ಉತ್ತರ: ಮೊದಲು ಕ್ಯಾಲ್ಸಿಯಂ ನಿಲ್ಲಿಸಿ. ಮೊಟ್ಟೆಗೆ ಬಾರದ ಯಾಟೆಗೆ ಆಹಾರದಲ್ಲಿ ಶೇ 1ರಷ್ಟು ಕ್ಯಾಲ್ಸಿಯಂ ಸಾಕು. ಮೊಟ್ಟೆ ಕೋಳಿಗೆ ಬೇಕಾದ ಶೇ 3.5ರಿಂದ 4ರ ಪ್ರಮಾಣ ಎಳೆಯದರ ಹೊಟ್ಟೆಗೆ ವಾರಗಟ್ಟಲೆ ಹೋದರೆ ಮೂತ್ರಪಿಂಡ ಕೆಡುತ್ತದೆ.

ತೂರಾಟದಲ್ಲಿ ಎರಡು ಬಗೆ. ಮೈಯಲ್ಲಿ ರಕ್ತವೋ ಕಸುವೋ ಇಲ್ಲದ ಕೋಳಿ ಎರಡೂ ಕಾಲುಗಳಲ್ಲಿ ಒಂದೇ ಸಮ ಕುಸಿಯುತ್ತದೆ. ಪುಕ್ಕ ಉಬ್ಬಿಸಿ, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಕೂರುತ್ತದೆ. ನರ ಕೆಟ್ಟ ಕೋಳಿ ಹಾಗಲ್ಲ. ಕಣ್ಣು ಚುರುಕು, ಮೇವು ಕಂಡರೆ ಬರಲು ನೋಡುತ್ತದೆ, ಕಾಲು ಮಾತ್ರ ಮಾತು ಕೇಳುವುದಿಲ್ಲ. ನೀವು ಬರೆದದ್ದು ಎರಡನೆಯದಕ್ಕೆ ಹತ್ತಿರ. ಆದರೆ ಮೈ ಹಗುರವಾಗಿದೆ ಎಂದಿರುವುದರಿಂದ ಮೊದಲನೆಯದನ್ನು ನೋಡಿಯೇ ಬಿಡಬೇಕು.

ಬೆಳಗ್ಗೆ ಮೇವು ಹಾಕುವ ಮುಂಚೆ ಯಾಟೆಯನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಕತ್ತಿನ ಬುಡದ ಮೇವಿನ ಚೀಲ ಆ ಹೊತ್ತಿಗೆ ಖಾಲಿಯಾಗಿರಬೇಕು. ಹಿಟ್ಟಿನ ಮುದ್ದೆಯಂತೆ ತುಂಬಿದ್ದರೆ ಮೇವು ಕೆಳಗಿಳಿಯುತ್ತಿಲ್ಲ. ಎದೆಯ ನಡುಮೂಳೆ ಸವರಿ ನೋಡಿ. ಚಾಕುವಿನ ಅಂಚಿನಂತೆ ಸಿಕ್ಕರೆ ಕಾಯಿಲೆ ಆರು ದಿನದ್ದಲ್ಲ, ವಾರಗಳಿಂದ ಒಳಗಿದೆ. ಜುಟ್ಟು ಮತ್ತು ಬಾಯೊಳಗಿನ ಬಣ್ಣ ಬಿಳಿಚಿದ್ದರೆ ರಕ್ತಹೀನತೆ: ರಕ್ತಭೇದಿ, ಜಂತುಹುಳು ಅಥವಾ ಉಣ್ಣೆ. ಅಂಗಾಲಿನಲ್ಲಿ ಕಪ್ಪು ಹೆಪ್ಪಿನ ಬಾವು, ಬೆರಳಿಗೆ ಬಿಗಿದ ದಾರ ಅಥವಾ ಕೂದಲು, ಊದಿ ಬಿಸಿಯಾದ ಕೀಲು, ಇವೂ ಒಂದೇ ಕಾಲನ್ನು ಕುಂಟಿಸುತ್ತವೆ. ಬಹಳ ಜನ ಇದನ್ನು ನೋಡುವುದೇ ಇಲ್ಲ.

ಆಮೇಲೆ ಎರಡೂ ಪಾದಗಳಿಗೆ ಒಂದೊಂದು ಬೆರಳು ಕೊಡಿ. ಬಲಗಾಲು ಬಿಗಿಯಾಗಿ ಹಿಡಿದು ಎಡಗಾಲು ಸಡಿಲವಾಗಿದ್ದರೆ ದೋಷ ನರದಲ್ಲಿದೆ ಎಂದೇ ಅನುಮಾನ. ಕಣ್ಣನ್ನೂ ಬೆಳಕಿಗೆ ಹಿಡಿದು ನೋಡಿ: ಪಾಪೆ ದುಂಡಗಿಲ್ಲದೆ ಅಂಚು ಹರಿದಂತಿದ್ದರೆ, ಸುತ್ತಲಿನ ಬಣ್ಣದ ಉಂಗುರ ಬೂದಿಗೆ ತಿರುಗಿದ್ದರೆ, ಅದು ನರ ಕೆಡಿಸುವ ಮಾರೆಕ್ಸ್ ರೋಗದ ಗುರುತು. ಕಣ್ಣು ಸರಿಯಿದ್ದ ಮಾತ್ರಕ್ಕೆ ಆ ರೋಗ ಇಲ್ಲ ಎನ್ನುವಂತಿಲ್ಲ.

ಹಸಿರು ಹಿಕ್ಕೆ ಕಂಡ ಕೂಡಲೇ ಕೊಕ್ಕರೆ ರೋಗ ಎಂದು ಹೆದರುವವರು ಹೆಚ್ಚು. ಹೊಟ್ಟೆಗೆ ಮೇವು ಸಾಲದಿದ್ದರೂ ಪಿತ್ತರಸವೇ ಹಸಿರಾಗಿ ಇಳಿಯುತ್ತದೆ. ಕೊಕ್ಕರೆ ರೋಗವಾಗಿದ್ದರೆ ಆರು ದಿನದಲ್ಲಿ ಇನ್ನೂ ಒಂದೆರಡು ಮಲಗಬೇಕಿತ್ತು. ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು ಕಾಣುತ್ತಿತ್ತು. ನಿಮ್ಮ ಯಾಟೆ "ತಿನ್ನುತ್ತದೆ" ಎನ್ನುವುದನ್ನೂ ನಂಬಬೇಡಿ. ಬೇರೆ ಇಟ್ಟು 100 ಗ್ರಾಂ ಮೇವು ತೂಗಿ ಕೊಡಿ, ಸಂಜೆ ಉಳಿದದ್ದನ್ನು ತೂಗಿ. ಕುಂಟುವ ಕೋಳಿ ಗುಂಪಿನಲ್ಲಿ ಕುಕ್ಕುತ್ತದೆಯೇ ಹೊರತು ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ರಾತ್ರಿ ಅದರ ಕೆಳಗೆ ಕಾಗದ ಹಾಸಿದರೆ ಬೆಳಗ್ಗೆ ಹಿಕ್ಕೆಯ ಲೆಕ್ಕವೂ ಸಿಗುತ್ತದೆ. ರಕ್ತ ಕಂಡರೆ ರಕ್ತಭೇದಿ: ಶೇ 20ರ ಆಂಪ್ರೋಲಿಯಂ ಪುಡಿ ಲೀಟರ್ ನೀರಿಗೆ 0.6 ಗ್ರಾಂ, 5 ದಿನ. ಈ ಔಷಧಿ ಬಿ1 ಜೀವಸತ್ವಕ್ಕೆ ಅಡ್ಡಬಂದು ಕೆಲಸ ಮಾಡುವಂಥದ್ದು, ಆದ್ದರಿಂದ ಆ ದಿನಗಳಲ್ಲಿ ಬಿ ಕಾಂಪ್ಲೆಕ್ಸ್ ಬೆರೆಸಬೇಡಿ. ರಕ್ತವಿಲ್ಲದೆ ಹುಳು ಕಂಡರೆ ಜಂತು ಔಷಧಿ. ಪ್ರಮಾಣವನ್ನು ತೂಕ ಹೇಳಿ ವೈದ್ಯರಿಂದಲೇ ಕೇಳಿ.

ಉಣ್ಣೆಯ ಮಾತು ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹಗಲು ಹುಡುಕಿದರೆ ಅದು ಸಿಗುವುದಿಲ್ಲ. ದೊಡ್ಡ ಉಣ್ಣೆ ಗೂಡಿನ ಮಣ್ಣುಗೋಡೆ, ಮರದ ಸೀಳುಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಮರಳುತ್ತದೆ. ಅದರ ಮರಿಗಳು ಮಾತ್ರ 5ರಿಂದ 10 ದಿನ ರೆಕ್ಕೆಯ ಕೆಳಗೆ ಕಚ್ಚಿಕೊಂಡೇ ಇರುತ್ತವೆ, ಅವುಗಳ ವಿಷದಿಂದ ಕಾಲು ಸೋಲುವುದುಂಟು. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಗೂಡು ನೋಡಿ, ರೆಕ್ಕೆಯ ಬುಡದ ಪುಕ್ಕ ಬಿಡಿಸಿ ನೋಡಿ. ಸಿಕ್ಕರೆ ಅದು ಶುಭವಾರ್ತೆಯೇ: ಕಿತ್ತು ತೆಗೆದ ಮೇಲೆ ಕಾಲು ಮರಳಬಹುದು. ಸೀಳುಗಳನ್ನು ಸುಣ್ಣ, ಮಣ್ಣಿನಿಂದ ಮುಚ್ಚಿ.

ಇಷ್ಟರಲ್ಲಿ ಏನೂ ಸಿಗದೆ, ಎಡಗಾಲು ಮಾತ್ರ ಸೋತಿದ್ದರೆ, ಮೊದಲ ಅನುಮಾನ ಮಾರೆಕ್ಸ್ ಮೇಲೆಯೇ. ಹರ್ಪಿಸ್ ಗುಂಪಿನ ವೈರಸ್, ಬೆಳೆಯುವ ವಯಸ್ಸಿನ ಕೋಳಿಗಳದ್ದೇ ಕಾಯಿಲೆ. ನರಗಳಲ್ಲಿ ಗೆಡ್ಡೆ ಕಟ್ಟಿಸುತ್ತದೆ. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಮಲಗುವುದು ಮುಂದಿನ ಹಂತ. ಲಸೋಟ ಹನಿಗೂ ಇದಕ್ಕೂ ಸಂಬಂಧವಿಲ್ಲ. ಮಾರೆಕ್ಸ್ ಲಸಿಕೆಯನ್ನು ಮರಿ ಹೊರಬಂದ ಮೊದಲ ದಿನವೇ ಮರಿಕೇಂದ್ರದಲ್ಲಿ ಕತ್ತಿನ ಚರ್ಮದಡಿ ಚುಚ್ಚುತ್ತಾರೆ, ಸಂತೆಯ ಮರಿಗೆ ಅದು ಬಿದ್ದಿತ್ತೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಈಗ ಚುಚ್ಚಿಸಿ ಪ್ರಯೋಜನವಿಲ್ಲ. ಔಷಧಿಯೂ ಇಲ್ಲ.

ಒಂದು ವಾರದ ಪ್ರಯತ್ನಕ್ಕೆ ಅಡ್ಡಿಯಿಲ್ಲ: ಬೇರೆ ಗೂಡು, ಹುಲ್ಲಿನ ದಪ್ಪ ಹಾಸು, ಮಲಗಿದಲ್ಲೇ ಕೊಕ್ಕಿಗೆ ಎಟುಕುವ ಮೇವು, ನೀರು, ಬಿ ಕಾಂಪ್ಲೆಕ್ಸ್. ಬಿ2 ಕೊರತೆ ಬೆರಳು ಮುದುರಿಸುವುದು ಹೆಚ್ಚಾಗಿ ಎರಡು-ಮೂರು ವಾರದ ಮರಿಗಳಲ್ಲಿ. ಸೊಪ್ಪು ಮೇಯುವ ಈ ವಯಸ್ಸಿನ ಯಾಟೆಯಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ದಿನ ಬಿಟ್ಟು ದಿನ ತೂಕ ಬರೆದಿಡಿ. ಇಳಿಯುತ್ತಲೇ ಹೋದರೆ ಅಥವಾ ಬಲಗಾಲೂ ಸೋತರೆ ನರಳಿಸುವುದು ಬೇಡ. ಸತ್ತರೆ ಫ್ರೀಜರಿಗೆ ಹಾಕದೆ ಐಸ್ ಜೊತೆ ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ತೊಡೆಯ ನರ ಆರೋಗ್ಯದಲ್ಲಿ ಬೆಳ್ಳಗೆ, ಸಣ್ಣ ಅಡ್ಡಗೆರೆಗಳಿಂದ ಹೊಳೆಯುತ್ತದೆ. ಮಾರೆಕ್ಸ್‌ನಲ್ಲಿ ಆ ಗೆರೆ ಮಾಯವಾಗಿ, ಒಂದು ಬದಿಯದು ಎರಡು-ಮೂರು ಪಟ್ಟು ದಪ್ಪವಾಗಿರುತ್ತದೆ. ಉಳಿದ ಐದಕ್ಕೆ ವೈರಸ್ ಈಗಾಗಲೇ ತಗುಲಿದೆ ಎಂದುಕೊಳ್ಳಿ, ಅದು ಪುಕ್ಕದ ಹೊಟ್ಟಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಲಸಿಕೆ ಇಲ್ಲದ ಮರಿಗಳನ್ನು ಆ ಗೂಡಿಗೆ ತರಬೇಡಿ. ಮನುಷ್ಯರಿಗೆ ಇದು ಬರುವುದಿಲ್ಲ.

ಪ್ರಶ್ನೆ: ಐದು ವಾರದ ಮರಿಗಳಿಗೆ ಕೊಕ್ಕರೆ ರೋಗದ ಆರ್2ಬಿ ಲಸಿಕೆ ಚುಚ್ಚಿಸಿದೆವು. ಎಂಟನೇ ದಿನಕ್ಕೆ ಎರಡು ಮರಿ ಕಾಲು ಸೋತು ಕೂತಿವೆ. ಲಸಿಕೆಯೇ ಕೆಟ್ಟಿತ್ತೇ?
— ಓದುಗರು, ಹಿರಿಯೂರು

ಉತ್ತರ: ಲಸಿಕೆ ಕೆಟ್ಟಿರಬೇಕಿಲ್ಲ, ವಯಸ್ಸು ಸಾಲದು. ಆರ್2ಬಿ ಲಸೋಟಕ್ಕಿಂತ ಬಲವಾದ ಜೀವಂತ ಲಸಿಕೆ. ಎಳೆಯ ಅಥವಾ ಬಡಕಲು ಮರಿಗಳಲ್ಲಿ ಅದೇ ಕಾಲು ಸೋಲಿಸಬಹುದು. ಮೊದಲ ವಾರ ಮತ್ತು ನಾಲ್ಕನೇ ವಾರ ಲಸೋಟ, ಎಂಟನೇ ವಾರ ಆರ್2ಬಿ 0.5 ಮಿ.ಲೀ. ಚರ್ಮದಡಿ. ತೊಡೆಗೆ ಚುಚ್ಚಿದ್ದರೆ ಸೂಜಿ ನರಕ್ಕೆ ತಾಗಿರಲೂಬಹುದು, ಆಗ ಚುಚ್ಚಿದ ಕಾಲು ಮಾತ್ರ ಸೋಲುತ್ತದೆ.

ಪ್ರಶ್ನೆ: ಮೊದಲ ಮೊಟ್ಟೆಯ ಯಾಟೆ ಬೆನ್ನು ನೆಟ್ಟಗೆ ಮಾಡಿ ಕಾಲಗಲಿಸಿ ನಡೆಯುತ್ತಿದೆ, ತಿಣುಕುತ್ತಿದೆ. ಇದೂ ಕಾಲಿನ ರೋಗವೇ?
— ಓದುಗರು, ಶಿರಸಿ

ಉತ್ತರ: ಅಲ್ಲ, ಮೊಟ್ಟೆ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಂತೆ 20 ನಿಮಿಷ ಕೂರಿಸಿ, ಗುದದ್ವಾರಕ್ಕೆ ಕೊಬ್ಬರಿ ಎಣ್ಣೆ ಸವರಿ, ಕತ್ತಲೆಯ ಬುಟ್ಟಿಯಲ್ಲಿ ಬೆಚ್ಚಗಿಡಿ. ಹೊಟ್ಟೆ ಒತ್ತಿ ಹೊರಡಿಸಲು ಹೋಗಬೇಡಿ, ಒಳಗೆ ಒಡೆದರೆ ಉಳಿಯುವುದು ಕಷ್ಟ. ಅದೇ ದಿನ ಮೊಟ್ಟೆ ಬಾರದಿದ್ದರೆ ಪಶುವೈದ್ಯರು. ಕ್ಯಾಲ್ಸಿಯಂ ಬೇಕಾದದ್ದು ಇದಕ್ಕೆ.