ನಿಮ್ಮ ಚಿತ್ರಕಥೆಯ ಪ್ರೇತವನ್ನು ಕೈಬಿಡಿ

ಪ್ರಿಯ ಬರಹಗಾರರೇ,

ಟೊರೊಂಟೊದ ನೆಲಮಾಳಿಗೆಯ ಕೋಣೆಯಿಂದ ಕಾಣೆಯಾದ ಕನ್ನಡಿಗ ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪಿನಲ್ಲಿ ಸಿಕ್ಕ ದೃಶ್ಯಗಳೆಂಬ ನೆಪದಲ್ಲಿ ನೀವು ಬರೆದು ಕಳಿಸಿದ ಫೌಂಡ್ ಫೂಟೇಜ್ ಹಾರರ್ ಚಿತ್ರಕಥೆಯನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಆದರೆ ಹದಿನಾಲ್ಕನೆಯ ಪುಟವನ್ನು ಓದಿದ ಮೇಲೆ ಎರಡು ಸಾಲಿನ ವಿಷಾದಪತ್ರದೊಂದಿಗೆ ಹಿಂದಿರುಗಿಸಲು ಮನಸ್ಸು ಬರಲಿಲ್ಲ.

ಆ ಪುಟದಲ್ಲಿ ತಾಯಿ ಫೋನಿನಲ್ಲಿ ಊಟವಾಯಿತೇ ಎಂದು ವಿಚಾರಿಸುತ್ತಿರುವಾಗಲೇ ಹುಡುಗ ತನ್ನ ಅಕ್ಕನ ನಿಶ್ಚಿತಾರ್ಥದ ಚಿತ್ರಕ್ಕೆ ಹೊಲಸು ಅಡಿಬರಹವೊಂದನ್ನು ಬರೆದು ಮುಖವನ್ನೇ ಕಾಣದ ಗೆಳೆಯರಿಗೆ ಕಳಿಸುತ್ತಾನೆ. ಅವರು ಮೆಚ್ಚಿಕೊಂಡಾಗ ಇಡೀ ಕಥೆಯಲ್ಲಿ ಮೊದಲ ಬಾರಿಗೆ ನಗುತ್ತಾನೆ. ನನ್ನ ಮೈ ಜುಮ್ಮೆಂದದ್ದು ಅಲ್ಲಿ. ಒಂಟಿ ಹುಡುಗನಿಗೆ ಕೂಟವೊಂದು ಸಿಕ್ಕಿದೆ, ಒಳಗೆ ಉಳಿಯಲು ಅವನು ತೆರಬೇಕಾದ ಸುಂಕ ಹೆಣ್ಣನ್ನು ಹಳಿಯುವುದು, ಮತ್ತು ಆ ಸುಂಕ ದಿನದಿನಕ್ಕೆ ಏರುತ್ತದೆ. ಇಷ್ಟನ್ನು ಬಲ್ಲ ನೀವು ಮೂವತ್ತನೆಯ ಪುಟದಲ್ಲಿ ಹಳೆಯ ಮನೆಯ ಪ್ರೇತವನ್ನು ಅವನ ಮೈಮೇಲೆ ಬರಿಸಿದ್ದೇಕೆ? ಪ್ರೇತ ಬಂದೊಡನೆ ಹುಡುಗ ನಿರಪರಾಧಿಯಾಗುತ್ತಾನೆ, ಅವನನ್ನು ಹುರಿದುಂಬಿಸಿದವರೆಲ್ಲ ಅವನ ಹಿಂದೆಯೇ ಪಾರಾಗುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಕ್ಯಾಮೆರಾದ್ದು. 2014ರ ಮೇ 23ರಂದು ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾದಲ್ಲಿ ಆರು ಮಂದಿಯನ್ನು ಕೊಂದವನು, ಹೆಂಗಸರ ಮೇಲೆ ಸೇಡು ತೀರಿಸಿಕೊಳ್ಳುವೆನೆಂಬ ವೀಡಿಯೊವನ್ನು ತಾನೇ ಯೂಟ್ಯೂಬಿಗೆ ಏರಿಸಿದ್ದ. 2018ರ ಏಪ್ರಿಲ್ 23ರಂದು ನಿಮ್ಮ ಕಥೆಯ ಊರಿನಲ್ಲೇ, ಯಂಗ್ ಸ್ಟ್ರೀಟಿನ ಪಾದಚಾರಿಗಳ ಮೇಲೆ ಬಾಡಿಗೆಯ ವ್ಯಾನನ್ನು ನುಗ್ಗಿಸಿದವನು, ಅದಕ್ಕೆ ತುಸು ಮುನ್ನ ಫೇಸ್‌ಬುಕ್ಕಿನಲ್ಲಿ ಆ ಮೊದಲಿನವನನ್ನು ಕೊಂಡಾಡಿದ್ದ. ಇಂಥ ದೃಶ್ಯಗಳು ಯಾರಿಗೋ ಆಕಸ್ಮಿಕವಾಗಿ ಸಿಗುವಂಥವಲ್ಲ. ಮುಂದಿನವನು ನೋಡಲೆಂದೇ ಬಿಟ್ಟುಹೋದಂಥವು. ಟೊರೊಂಟೊ ಪ್ರಕರಣದಲ್ಲಿ 2021ರಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಆನ್ ಮೊಲ್ಲಾಯ್, ಅಪರಾಧಿ ಹಂಬಲಿಸಿದ್ದು ಕುಖ್ಯಾತಿಗಾಗಿ ಎಂಬುದನ್ನು ಮನಗಂಡು, ಅವನ ಹೆಸರನ್ನೇ ಬಳಸದೆ ಅನಾಮಿಕರಿಗೆ ಇಡುವ ‘ಜಾನ್ ಡೋ’ ಎಂಬ ಹೆಸರಿನಿಂದ ಕರೆದರು. ನಿಮ್ಮ ಚಿತ್ರಕಥೆಯಲ್ಲಿ ಅವನ ನಿಜ ಹೆಸರು ಏಳು ಸಲ ಬರುತ್ತದೆ, ಒಂದು ಸಲವಂತೂ ಗೋಡೆಯ ಮೇಲೆ ಕೆಂಪಕ್ಷರದಲ್ಲಿ. ಹುಡುಗನ ಆರು ನಿಮಿಷಗಳ ಕೊನೆಯ ಭಾಷಣವನ್ನೂ ಎಲ್ಲಿಯೂ ಕತ್ತರಿಸದೆ ಇಟ್ಟಿದ್ದೀರಿ. ನೀವು ಅದನ್ನು ಖಂಡನೆಯೆಂದು ಬರೆದಿರಬಹುದು, ಆದರೆ ಬೇಕಾದವರು ಅದಷ್ಟನ್ನೇ ಕತ್ತರಿಸಿಕೊಂಡು ಹಂಚಿದರೆ ಆ ಖಂಡನೆ ಅದರ ಜೊತೆಗೆ ಹೋಗುವುದಿಲ್ಲ.

ಲ್ಯಾಪ್‌ಟಾಪನ್ನು ಪೊಲೀಸರ ಬದಲು ಆ ಅಕ್ಕನೇ ತೆರೆದರೆ ಏನಾಗುತ್ತದೆ, ಯೋಚಿಸಿ ನೋಡಿ. ದೃಶ್ಯಗಳನ್ನು ಜೋಡಿಸಿದವರಾರು ಎಂಬ ಪ್ರಶ್ನೆಯನ್ನು ಈ ಪ್ರಕಾರದ ಲೇಖಕರು ಸಾಮಾನ್ಯವಾಗಿ ತೇಲಿಸಿಬಿಡುತ್ತಾರೆ. ನಿಮಗೆ ಅದೇ ಕಥೆಯಾಗಬಲ್ಲದು. ಅವಳು ನಿಲ್ಲಿಸುತ್ತಾಳೆ, ಹಿಂದಕ್ಕೆ ಓಡಿಸುತ್ತಾಳೆ, ಭಾಷಣದ ಧ್ವನಿಯನ್ನು ನಡುವೆಯೇ ಅಡಗಿಸುತ್ತಾಳೆ, ಒಂದು ಕಡೆ ತನ್ನದೇ ಚಿತ್ರವನ್ನು ಕಾಣುತ್ತಾಳೆ. ನಿಮ್ಮ ತೊಂಬತ್ತು ಪುಟಗಳಲ್ಲಿ ಈಗ ಒಬ್ಬ ಹೆಂಗಸೂ ಒಂದು ಪೂರ್ತಿ ವಾಕ್ಯವನ್ನು ಆಡುವುದಿಲ್ಲ, ತಾಯಿಯನ್ನು ಬಿಟ್ಟರೆ.

ಖರ್ಚಿನ ಮಾತು ಚುಟುಕಾಗಿ ಹೇಳುತ್ತೇನೆ: ಡ್ರೋನ್ ದೃಶ್ಯ ಬೇಡ, ಪೊಲೀಸ್ ಕಾರುಗಳು ಬೇಡ. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಎಂಬ ಹಾರರ್ ಚಿತ್ರವನ್ನು ನಿರ್ದೇಶಕ ಓರೆನ್ ಪೆಲಿ ಸುಮಾರು 15,000 ಡಾಲರುಗಳಲ್ಲಿ ತಮ್ಮ ಸ್ವಂತ ಮನೆಯಲ್ಲೇ ಚಿತ್ರೀಕರಿಸಿದರು, ಮಲಗುವ ಕೋಣೆಯಲ್ಲಿ ಅಲುಗದೆ ನಿಂತ ಕ್ಯಾಮೆರಾವೇ ಅಲ್ಲಿ ಭಯದ ಮೂಲ. ನಿಮ್ಮ ಹುಡುಗನ ವೆಬ್‌ಕ್ಯಾಮೂ ಹಾಗೆಯೇ ಒಂದೇ ಕಡೆ ನೆಟ್ಟಿರಲಿ.

ಒಂದು ಚಿಕ್ಕ ತಿದ್ದುಪಡಿ. ‘ಇನ್‌ಸೆಲ್’ (ಬಯಸಿದರೂ ಸಂಗಾತಿ ಸಿಗದವರು) ಎಂಬ ಮಾತನ್ನು ಗಂಡಸರೇ ಹುಟ್ಟಿಸಿದರೆಂದು ನಿಮ್ಮ ಪಾತ್ರವೊಂದು ಹೇಳುತ್ತದೆ. ಅದರ ಬೇರು 1990ರ ದಶಕದಲ್ಲಿ ಕೆನಡಾದ ಯುವತಿಯೊಬ್ಬಳು ಹೆಣ್ಣು ಗಂಡೆನ್ನದೆ ಒಂಟಿ ಜನರೆಲ್ಲರಿಗಾಗಿ ಆರಂಭಿಸಿದ ತಾಣದಲ್ಲಿದೆ. ಪಾತ್ರದ ಅಜ್ಞಾನವೆಂದು ಅದನ್ನು ಹಾಗೆಯೇ ಉಳಿಸಿಕೊಳ್ಳಬಹುದು, ಆದರೆ ಆಗ ಅಕ್ಕ ಅದನ್ನು ತಿದ್ದಲಿ.

ಹೊಸ ಕರಡನ್ನು ನೇರವಾಗಿ ನನಗೇ ಕಳಿಸಿ. ಹದಿನಾಲ್ಕನೆಯ ಪುಟದಲ್ಲಿ ಮಾತ್ರ ಒಂದಕ್ಷರವನ್ನೂ ಬದಲಿಸಬೇಡಿ.

ಇಂತು,
ಸಂಪಾದಕ