ಏಳನೇ ಗ್ರೇಡ್‌ಗೆ ಬರ್ತಿರೋ ಮಗಳಿಗೆ ಕ್ರಿಶ್ಚಿಯನ್ ಹೋಮ್‌ಸ್ಕೂಲ್ ಕರಿಕ್ಯುಲಮ್ ಬದಲಾಯಿಸ್ಬಹುದಾ? ಎಲ್ಲಿಂದ ಶುರು ಮಾಡ್ಬೇಕು?

ವಂದನೆ ಸಿಸ್ಟರ್. ನೀವು ಬರೆದಿರೋದು ಇಷ್ಟು: ಮಗಳು ಚಿಕ್ಕವಳಿದ್ದಾಗಿಂದ ಒಂದೇ ಕ್ರಿಶ್ಚಿಯನ್ ಪಬ್ಲಿಷರ್‌ನ ಫುಲ್ ಸೆಟ್ ಓದ್ಕೊಂಡು ಬಂದಿದ್ದಾಳೆ, ಆರನೇ ಗ್ರೇಡ್ ಹೆಂಗೋ ಮುಗೀತು, ಈಗ ಪಾಠದ ಪುಸ್ತಕ ಕಂಡ್ರೇ ಮುಖ ಸಿಂಡರಿಸ್ತಾಳೆ, ಮ್ಯಾತ್ ಹೊತ್ತಿಗೆ ದಿನಾ ಅಳು, ಹಂಗಾಗಿ ಎಲ್ಲಾ ಬಿಟ್ಟು ಹೊಸದು ತಗೊಳ್ಳೋದಾ, ತಗೊಂಡ್ರೆ ಮುಂದೆ ಹೈಸ್ಕೂಲಿಗೆ ತೊಂದ್ರೆ ಆಗುತ್ತಾ ಅಂತ. ನಾನೂ ಇಲ್ಲಿ ಅಮೆರಿಕದಲ್ಲೇ ಮಕ್ಕಳನ್ನ ಮನೇಲಿ ಓದಿಸ್ತಿರೋಳು, ದೊಡ್ಡವನು ಈಗ ಹೈಸ್ಕೂಲಲ್ಲಿದ್ದಾನೆ. ನನ್ನ ಉತ್ತರ, ಬದಲಾಯಿಸಿ, ಆದ್ರೆ ಇಡೀ ಸೆಟ್ಟನ್ನ ಒಂದೇ ಸಲಕ್ಕೆ ಎತ್ತಿಡಬೇಡಿ. ಯಾವ ಸಬ್ಜೆಕ್ಟ್ ಅವಳನ್ನ ಅಳಿಸ್ತಿದೆಯೋ ಅದನ್ನ ಮೊದ್ಲು ಹಿಡೀರಿ.

ಹೈಸ್ಕೂಲ್ ಭಯ ಮೊದ್ಲು ತೆಗೆದುಬಿಡೋಣ. ಕಾಲೇಜಿನವರು ನೋಡೋ ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಓದಿದ ಸಬ್ಜೆಕ್ಟು ಮಾರ್ಕ್ಸುಗಳ ಪಟ್ಟಿ, ಸಾಮಾನ್ಯವಾಗಿ ಒಂಬತ್ತನೇ ಗ್ರೇಡ್‌ನಿಂದ ಶುರುವಾಗುತ್ತೆ, ಏಳು ಎಂಟರಲ್ಲಿ ನೀವು ಯಾವ ಕಂಪನಿ ಪುಸ್ತಕ ಓದಿಸಿದ್ರಿ ಅಂತ ಯಾರೂ ಕೇಳಲ್ಲ, ಎಂಟರಲ್ಲೇ ಹೈಸ್ಕೂಲ್ ಮ್ಯಾತ್ ಆದ ಆಲ್ಜೀಬ್ರಾ 1 ಮುಗಿಸಿದ್ರೆ ಅದನ್ನ ಟ್ರಾನ್ಸ್‌ಕ್ರಿಪ್ಟ್‌ಗೆ ಸೇರಿಸ್ಕೊಳ್ಳೋರು ಇದ್ದಾರೆ ಅಷ್ಟೇ. ನಿಜ ಹೇಳ್ಬೇಕಂದ್ರೆ ಬದಲಾಯಿಸೋಕೆ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ. ಸ್ಟೇಟ್ ರೂಲ್ಸ್ ಮಾತ್ರ ಒಮ್ಮೆ ನೋಡ್ಕೊಳ್ಳಿ. ಟೆಕ್ಸಸ್‌ನಲ್ಲಿದ್ರೆ ಯಾರಿಗೂ ರಿಪೋರ್ಟ್ ಕೊಡೋದು ಇಲ್ಲ, ನ್ಯೂಯಾರ್ಕ್ ಆದ್ರೆ ವರ್ಷದ ಪ್ಲಾನ್‌ನಲ್ಲಿ ಯಾವ ಪುಸ್ತಕ ಅಂತ ಬರೆದು ಕೊಟ್ಟಿರ್ತೀರಿ, ವರ್ಷಕ್ಕೆ ನಾಲ್ಕು ಸಲ ರಿಪೋರ್ಟ್ ಬೇರೆ, ಹಾಗಾಗಿ ಮಧ್ಯದಲ್ಲಿ ಬದಲಾಯಿಸಿದ್ರೆ ಮುಂದಿನ ರಿಪೋರ್ಟ್‌ನಲ್ಲಿ ತಿಳಿಸಿಬಿಡಿ. ಪೆನ್ಸಿಲ್ವೇನಿಯಾದಲ್ಲಿ 3, 5, 8ನೇ ಗ್ರೇಡ್‌ಗೆ ಸ್ಟ್ಯಾಂಡರ್ಡೈಸ್ಡ್ ಟೆಸ್ಟ್ ಇದೆ, ಅಲ್ಲಿದ್ರೆ ಎಂಟನೇ ಗ್ರೇಡ್ ಮಧ್ಯದಲ್ಲಿ ಮ್ಯಾತ್ ಪುಸ್ತಕ ಬದಲಾಯಿಸೋದಕ್ಕಿಂತ ಈ ಬೇಸಿಗೆ ರಜೆಯಲ್ಲೇ ಮಾಡೋದು ವಾಸಿ.

ಈಗ ಮ್ಯಾತ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಆರು ಏಳನೇ ಗ್ರೇಡ್‌ನಲ್ಲಿ ಅಳೋ ಮಕ್ಕಳು ಹೆಚ್ಚಿನವರು ಅಳೋದು ಇಲ್ಲೇ, ಮತ್ತೆ ಪುಸ್ತಕದ ಮೇಲೆ ಹೋಗೋ ದೂರು ಎಷ್ಟೋ ಸಲ ಫ್ರಾಕ್ಷನ್ ಮೇಲೆ ಹೋಗ್ಬೇಕಾಗಿರುತ್ತೆ. ಪ್ರೀ-ಆಲ್ಜೀಬ್ರಾ, ಅಂದ್ರೆ ಆಲ್ಜೀಬ್ರಾಕ್ಕೆ ತಯಾರಿ ಮಾಡಿಸೋ ಮ್ಯಾತ್, ಪೂರ್ತಿ ನಿಂತಿರೋದೇ ಭಿನ್ನರಾಶಿ, ಡೆಸಿಮಲ್, ಪರ್ಸೆಂಟ್, ನೆಗೆಟಿವ್ ನಂಬರ್ ಮೇಲೆ. ಒಂದು ಕೆಲಸ ಮಾಡಿ, ಒಂದು ಹಾಳೆ ಮೇಲೆ 3/4 + 2/3 ಬರೆದು ಕೊಡಿ, ಪಕ್ಕದಲ್ಲಿ ಕೂತು ಸುಮ್ನೆ ನೋಡಿ. 5/7 ಅಂತ ಬರೆದ್ಲು ಅನ್ಕೊಳ್ಳಿ, ಮೇಲಿಂದು ಮೇಲೆ ಕೂಡಿಸಿ ಕೆಳಗಿಂದು ಕೆಳಗೆ ಕೂಡಿಸಿ. ಆಗ ತಪ್ಪು ಅನ್ನಬೇಡಿ, 5/7 ದೊಡ್ಡದಾ 3/4 ದೊಡ್ಡದಾ ಅಂತ ಕೇಳಿ. 3/4 ದೊಡ್ಡದು. ಹಂಗಾದ್ರೆ ಇನ್ನೊಂದಿಷ್ಟು ಕೂಡಿಸಿದ ಮೇಲೆ ಇದ್ದಿದ್ದಕ್ಕಿಂತ ಕಮ್ಮಿ ಹೆಂಗಾಯ್ತು? ಈ ಪ್ರಶ್ನೆಗೆ ಅವಳು ತಲೆ ಎತ್ತಿ ಯೋಚನೆ ಮಾಡಿದ್ರೆ ಅವಳಿಗೆ ಬುದ್ಧಿ ಇದೆ, ಬುನಾದಿಯಲ್ಲಿ ಒಂದು ಕಲ್ಲು ಸಡಿಲ ಇದೆ ಅಷ್ಟೇ. ಅಂಥ ಮಗುವಿಗೆ ಹೊಸ ಕಂಪನಿಯ ಏಳನೇ ಗ್ರೇಡ್ ಪುಸ್ತಕ ತಂದುಕೊಟ್ರೆ ಅಲ್ಲೂ ಅದೇ ಅಳು.

ಅದಕ್ಕೇ ಗ್ರೇಡ್ ನಂಬರ್ ನೋಡಿ ಪುಸ್ತಕ ಆರ್ಡರ್ ಮಾಡಬೇಡಿ, ಮಗು ಯಾವ ಲೆವೆಲ್‌ನಿಂದ ಶುರು ಮಾಡ್ಬೇಕು ಅಂತ ತೋರಿಸೋ ಪ್ಲೇಸ್‌ಮೆಂಟ್ ಟೆಸ್ಟ್ ಕೊಡ್ಸಿ. ಆನ್‌ಲೈನ್‌ನಲ್ಲಿ ಫ್ರೀಯಾಗೇ ಸಿಗುತ್ತೆ, ನೀವು ತಗೊಳ್ಳಬೇಕು ಅಂತಿರೋ ಸೀರೀಸ್‌ದೇ ಕೊಡ್ಸಿ, ಯಾಕಂದ್ರೆ ಒಬ್ಬೊಬ್ಬರು ಒಂದೊಂದು ಆರ್ಡರ್‌ನಲ್ಲಿ ಕಲಿಸ್ತಾರೆ. ಸ್ಯಾಕ್ಸನ್ ಅನ್ನೋ ಮ್ಯಾತ್ ಸೀರೀಸ್‌ನಲ್ಲಿ ಪುಸ್ತಕದ ಹೆಸರೇ 7/6, 8/7 ಅಂತಿರುತ್ತೆ, 7/6 ಅಂದ್ರೆ ಸಾಧಾರಣ ವೇಗದ ಏಳನೇ ಗ್ರೇಡ್ ಮಗುವಿಗೆ ಅಥವಾ ಚುರುಕಾಗಿರೋ ಆರನೇ ಗ್ರೇಡ್ ಮಗುವಿಗೆ, ಹಾಗಾಗಿ ಮಗಳು 7/6ಗೆ ಬಂದ್ರೆ ಹಿಂದೆ ಬಿದ್ಲು ಅಂತ ಗಾಬರಿ ಆಗಬೇಡಿ. ಸ್ಯಾಕ್ಸನ್ ದಿನಾ ಒಂದು ಚಿಕ್ಕ ಹೊಸ ವಿಷಯ ಹೇಳಿ ಉಳಿದಿದ್ದೆಲ್ಲಾ ಹಳೇ ಲೆಕ್ಕಗಳ ಮಿಕ್ಸ್ ಕೊಡುತ್ತೆ, ಬೇಗ ಮರೆಯೋ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತೆ. ಮ್ಯಾತ್-ಯು-ಸೀ ಅನ್ನೋ ಇನ್ನೊಂದು ಸೀರೀಸ್ ಅದಕ್ಕೆ ಉಲ್ಟಾ, ಒಂದೇ ವಿಷಯನ ಪೂರ್ತಿ ಕೈಗೆ ಹತ್ತೋವರೆಗೂ ಬ್ಲಾಕ್ ಇಟ್ಕೊಂಡು ಮಾಡಿಸ್ತಾರೆ, ಫ್ರಾಕ್ಷನ್‌ಗೆ ಎಪ್ಸಿಲಾನ್ ಅಂತ ಒಂದು ಲೆವೆಲ್ಲೇ ಇದೆ, ಗ್ರೀಕ್ ಅಕ್ಷರದ ಹೆಸರು ಇರೋದ್ರಿಂದ ಹನ್ನೆರಡು ವರ್ಷದ ಮಗುವಿಗೆ ನಾನು ಕೆಳಗಿನ ಗ್ರೇಡ್ ಪುಸ್ತಕ ಮಾಡ್ತಿದ್ದೀನಿ ಅನ್ನೋ ಅವಮಾನ ಆಗಲ್ಲ. ಈ ವಯಸ್ಸಿನಲ್ಲಿ ಅದು ಸಣ್ಣ ವಿಷಯ ಅಲ್ಲ.

ಉಳಿದ ಸಬ್ಜೆಕ್ಟ್‌ಗಳಿಗೆ ಬಂದ್ರೆ, ಕ್ರಿಶ್ಚಿಯನ್ ಅಂತ ಹೆಸರಿರೋದೆಲ್ಲಾ ಒಂದೇ ಥರ ಇರಲ್ಲ. ಕ್ರಿಶ್ಚಿಯನ್ ಪಬ್ಲಿಷರ್‌ಗಳಲ್ಲಿ ಅಬೇಕಾ ಅಂದ್ರೆ ಶಾಲೆಯನ್ನೇ ಮನೆಗೆ ತಂದ ಹಾಗೆ, ಗ್ರಾಮರ್ ಬಹಳ ಗಟ್ಟಿ, ಟೆಸ್ಟು ಕ್ವಿಜ್ಜು ಜಾಸ್ತಿ. ಬಿಜೆಯು ಪ್ರೆಸ್ ಕೂಡ ಟೆಕ್ಸ್ಟ್‌ಬುಕ್ಕೇ, ಆದ್ರೆ ಯಾಕೆ ಹೇಗೆ ಅಂತ ಕೇಳೋದು ಹೆಚ್ಚು. ಎಸಿಇಯವರು (ಆಕ್ಸಲರೇಟೆಡ್ ಕ್ರಿಶ್ಚಿಯನ್ ಎಜುಕೇಷನ್) ಒಂದು ಸಬ್ಜೆಕ್ಟಿಗೆ ವರ್ಷಕ್ಕೆ ಹನ್ನೆರಡು ಚಿಕ್ಕ ಪುಸ್ತಕ ಮಾಡಿದ್ದಾರೆ, ಲೈಫ್‌ಪ್ಯಾಕ್ ಅನ್ನೋ ಸೀರೀಸ್‌ನಲ್ಲಿ ಹತ್ತು, ಮಗು ತಾನೇ ಓದಿ ತಾನೇ ಬರೆಯುತ್ತೆ, ತಾಯಿ ಕೆಲಸಕ್ಕೆ ಹೋಗ್ತಿದ್ರೆ ದೊಡ್ಡ ಅನುಕೂಲ, ಆದ್ರೆ ಖಾಲಿ ಜಾಗ ತುಂಬಿ ತುಂಬಿ ಬೇಜಾರಾಗಿರೋ ಮಗುವಿಗೆ ಮತ್ತೆ ಅಂಥದ್ದೇ ಕೊಟ್ಟ ಹಾಗಾಗುತ್ತೆ. ಸನ್‌ಲೈಟ್‌ನವರದ್ದು ಪೂರ್ತಿ ಕಥೆ ಪುಸ್ತಕಗಳ ಮೇಲೆ, ಅಮ್ಮ ಜೋರಾಗಿ ಓದ್ಬೇಕು, ಮಾತಾಡ್ಬೇಕು. ನಿಮ್ಮ ಮಗಳು ಕಥೆ ಪುಸ್ತಕ ಓದೋ ಹುಡುಗಿ ಅಂತಾನೂ ಬರೆದಿದ್ದೀರಿ, ವರ್ಕ್‌ಬುಕ್ಕಿಂದ ಸುಸ್ತಾಗಿದ್ದಾಳೆ, ಹಂಗಿದ್ರೆ ನನ್ನ ಅಭಿಪ್ರಾಯದಲ್ಲಿ ಹಿಸ್ಟರಿ ಮತ್ತೆ ಲಿಟರೇಚರನ್ನ ಈ ಥರದ್ದಕ್ಕೆ ಬದಲಾಯಿಸಿ, ಗ್ರಾಮರ್ ಅಳದೇ ಮಾಡ್ತಿದ್ರೆ ಹಳೇದೇ ಮುಂದುವರಿಸಿ.

ಸೈನ್ಸ್ ಬಗ್ಗೆ ಒಂದು ಮಾತು. ಅಬೇಕಾ, ಬಿಜೆಯು, ಅಪೊಲೋಜಿಯ ಅನ್ನೋ ಇನ್ನೊಂದು ಕ್ರಿಶ್ಚಿಯನ್ ಪಬ್ಲಿಷರ್, ಈ ಮೂವರ ಸೈನ್ಸ್ ಪುಸ್ತಕಗಳೂ ಭೂಮಿಗೆ ಕೆಲವೇ ಸಾವಿರ ವರ್ಷ ಅನ್ನೋ ಸೃಷ್ಟಿವಾದದ ಕಡೆಯಿಂದ ಬರೆದಿರೋವು. ನಿಮ್ಮ ಮನೆಯವರ ನಂಬಿಕೆ, ನಿಮ್ಮ ಸಭೆಯ ಬೋಧನೆ ಅದೇ ಇದ್ರೆ ಸರಿ, ಬೇರೆ ಇದ್ರೆ ಕೊಂಡ್ಕೊಳ್ಳೋಕೆ ಮುಂಚೆ ಸ್ಯಾಂಪಲ್ ಚಾಪ್ಟರ್ ಓದಿ ಗಂಡ ಹೆಂಡತಿ ಕೂತು ಮಾತಾಡ್ಕೊಳ್ಳಿ. ನೀವು ಯಾವ ಕಡೆ ಇದ್ರೂ ವಿಕಾಸವಾದ ಏನು ಹೇಳುತ್ತೆ, ವಿಜ್ಞಾನಿಗಳು ಯಾವ ಆಧಾರದ ಮೇಲೆ ಹೇಳ್ತಾರೆ ಅನ್ನೋದನ್ನ ಮಗಳು ನಿಮ್ಮ ಬಾಯಿಂದ, ನಿಮ್ಮ ಮನೇಲಿ, ಗೌರವದಿಂದ ಕೇಳಿಸ್ಕೊಳ್ಳಲಿ, ಕಾಲೇಜಿನಲ್ಲಿ ಮೊದಲ ಸಲ ಕೇಳಿ ಅಪ್ಪ ಅಮ್ಮ ಮುಚ್ಚಿಟ್ರು ಅಂತ ಅನಿಸಬಾರದು, ಇದು ನನಗೆ ತುಂಬಾ ಮುಖ್ಯ. ಅಪೊಲೋಜಿಯದಲ್ಲಿ ಏಳಕ್ಕೆ ಜನರಲ್ ಸೈನ್ಸ್, ಎಂಟಕ್ಕೆ ಫಿಸಿಕಲ್ ಸೈನ್ಸ್ ಅಂತ ಸಾಮಾನ್ಯ ಕ್ರಮ, ಪುಸ್ತಕ ಮಗುವಿನ ಜೊತೆನೇ ಮಾತಾಡೋ ಧಾಟಿಯಲ್ಲಿದೆ, ತಾನೇ ಓದ್ಕೊಳ್ಳಬಹುದು.

ಆಮೇಲೆ ಬೈಬಲ್. ನಿಮ್ಮ ಪ್ರಶ್ನೆಯಲ್ಲಿ ನನ್ನ ಮನಸ್ಸಿಗೆ ತಾಕಿದ್ದು ಆ ಕೊನೇ ಸಾಲು, ಬೈಬಲ್ ಟೆಸ್ಟಿಗೂ ಅವಳು ಮುಖ ತಿರುಗಿಸ್ತಾಳೆ ಅಂತ. ಸಿಸ್ಟರ್, ಅದಕ್ಕೆ ಒಂದು ವರ್ಷ ಮಾರ್ಕ್ಸ್ ಹಾಕೋದನ್ನ ನಿಲ್ಲಿಸಿಬಿಡಿ. ಪಾಠ ಬಿಡಿ ಅಂತಿಲ್ಲ, ಮಾರ್ಕ್ಸ್ ಬಿಡಿ ಅಂತಿದ್ದೀನಿ. ನಾವು ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ಓದುವಾಗ ಮೇಜಿನ ಮೇಲೆ ಮ್ಯಾಪ್ ಹರಡ್ಕೊಂಡು ಕೂತ್ಕೋತೀವಿ, ಕೈಸರೈಯದಿಂದ ಸೀದೋನ್, ಅಲ್ಲಿಂದ ಮುರ, ಕ್ರೇತ, ಬೆರಳಿಟ್ಕೊಂಡು ಹೋಗ್ತಾ ಹೋಗ್ತಾ ಮಾಲ್ಟಾ ದ್ವೀಪಕ್ಕೆ ಹಡಗು ಬಡೀತು. ಹಡಗಲ್ಲಿ 276 ಜನ, ಒಬ್ಬರೂ ಸಾಯಲಿಲ್ಲ. ಪುಸ್ತಕ ಮುಚ್ಚಿ, ಈಗ ನೀನು ಹೇಳು ಅಂದ್ರೆ ಸಾಕು, ನಮ್ಮ ಚಿಕ್ಕವಳು ಲಂಗರು ಕಡಿದಿದ್ದು, ಗೋಧಿ ಸಮುದ್ರಕ್ಕೆ ಚೆಲ್ಲಿದ್ದು, ಎಲ್ಲಾ ಹೇಳ್ತಾಳೆ, ನಡುವೆ ಒಂದು ಪ್ರಶ್ನೆನೂ ಹಾಕ್ತಾಳೆ, ಕೈದಿ ಆಗಿದ್ದ ಪೌಲನ ಮಾತನ್ನ ಶತಾಧಿಪತಿ ಯಾಕೆ ಕೇಳ್ದ ಅಂತ. ಆ ಪ್ರಶ್ನೆಗೆ ಯಾವ ಗ್ರೇಡ್ ಕೊಡ್ತೀರಿ. ನೋಡಿ, ಇದರಲ್ಲೇ ಜಿಯಾಗ್ರಫಿ ಆಯ್ತು, ರೋಮನ್ ಹಿಸ್ಟರಿ ಆಯ್ತು, ನೋಡದೇ ಹೇಳೋ ಅಭ್ಯಾಸನೂ ಆಯ್ತು. ಕೊಲೊಸ್ಸೆಯವರಿಗೆ ಬರೆದ ಪತ್ರದ 3:21ರಲ್ಲಿ ಮಕ್ಕಳ ಮನಸ್ಸು ಕುಂದೋ ಹಾಗೆ ಅವರನ್ನ ಕೆಣಕಬೇಡಿ ಅಂತ ಇದೆಯಲ್ಲ, ಹೋಮ್‌ಸ್ಕೂಲ್ ಮಾಡೋ ನಾವು ಅದನ್ನ ದಿನಾ ಓದ್ಬೇಕು.

ಇನ್ನು ಸೆಲೆಕ್ಷನ್‌ನಲ್ಲಿ ಮಗಳನ್ನ ಸೇರಿಸ್ಕೊಳ್ಳಿ. ನೂರೆಂಟು ಆಯ್ಕೆ ಮುಂದಿಡಬೇಡಿ, ನೀವು ಗಂಡ ಹೆಂಡತಿ ಇಬ್ಬರೂ ನೋಡಿ ಒಪ್ಪಿದ ಎರಡು ಸ್ಯಾಂಪಲ್ ಪ್ರಿಂಟ್ ತೆಗೆದು, ಒಂದೊಂದು ಪಾಠ ಮಾಡಿಸಿ ಯಾವುದು ಅಂತ ಕೇಳಿ. ತಾನೇ ಆರಿಸಿದ ಪುಸ್ತಕಕ್ಕೆ ಈ ವಯಸ್ಸಿನ ಮಕ್ಕಳು ಬೇರೆ ಥರಾನೇ ಕೂತ್ಕೋತಾರೆ. ಹೊಸದು ಶುರು ಮಾಡುವಾಗ ಮೊದಲ ಕೆಲವು ವಾರ ಮ್ಯಾತ್, ಓದೋದು, ಬೈಬಲ್ ಇಷ್ಟೇ ಇಟ್ಕೊಳ್ಳಿ, ಆಮೇಲೆ ಸೈನ್ಸ್, ಆಮೇಲೆ ಹಿಸ್ಟರಿ ಸೇರಿಸಿ. ಹೊಸ ಪುಸ್ತಕದ ಮೊದಲ ಪಾಠಗಳು ಹೆಚ್ಚಾಗಿ ರಿವ್ಯೂನೇ, ಅವಳು ಸರಾಗವಾಗಿ ಮಾಡೋದು ನೋಡಿ ಲೆವೆಲ್ ತಪ್ಪಾಯ್ತೇನೋ ಅಂತ ಹಾರಿಸ್ಬೇಡಿ, ಆ ಧೈರ್ಯ ಅವಳಿಗೆ ಬೇಕು.

ಹಳೇ ಸೆಟ್ಟನ್ನ ಈಗ್ಲೇ ಮಾರಬೇಡಿ, ಗ್ರಾಮರ್‌ಗಂತೂ ಬೇಕೇ ಬೇಕಾಗುತ್ತೆ. ಪ್ಲೇಸ್‌ಮೆಂಟ್ ಟೆಸ್ಟ್‌ನಲ್ಲಿ ಎಲ್ಲಿಗೆ ಬಂದ್ಲು, ನೀವು ಯಾವ ಸ್ಟೇಟ್ ಅಂತ ಕೆಳಗೆ ಬರೀರಿ, ಯಾವ ಪುಸ್ತಕದಿಂದ ಶುರು ಮಾಡ್ಬಹುದು ಅಂತ ನೋಡಿ ಹೇಳ್ತೀನಿ. ಮಗಳ ಹೆಸರು ಬೇಡ, ನಮ್ಮ ಮನೆ ಪ್ರಾರ್ಥನೆಯಲ್ಲಿ ಅವಳನ್ನ ನೆನಸ್ಕೋತೀವಿ.