ಸೆವೆಂಟಿ ಥ್ರೀ ಹೇಳಿದ ಮೇಲೆ ಮತ್ತೆ ಸಿಗೋದು ಹೇಗೆ?

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ತಗೊಂಡಿದ್ದೀರಿ, ಅಭಿನಂದನೆ. ನಿಮ್ಮ ಪ್ರಶ್ನೆ ಇದು ಅಲ್ವಾ: ಇಪ್ಪತ್ತು ಮೀಟರ್ ಬ್ಯಾಂಡಿನಲ್ಲಿ (14 ಮೆಗಾಹರ್ಟ್ಸ್ ಸುತ್ತಲಿನ ರೇಡಿಯೋ ತರಂಗಗಳು) ಇಂಗ್ಲೆಂಡಿನ ಒಬ್ಬರು ಅರ್ಧ ಗಂಟೆ ಖುಷಿಯಾಗಿ ಮಾತಾಡಿದರು, ಕೊನೆಗೆ ಸೆವೆಂಟಿ ಥ್ರೀ (73, ಅಂದರೆ ಶುಭಾಶಯಗಳು) ಹೇಳಿ "ಹೋಪ್ ಟು ಕ್ಯಾಚ್ ಯು ಫರ್ದರ್ ಡೌನ್ ದ ಲಾಗ್", ಅಂದರೆ ಮುಂದೆ ಮತ್ತೆ ಸಿಗೋಣ, ಅಂದರು, ಆಮೇಲೆ ಪತ್ತೆಯೇ ಇಲ್ಲ. ಅವರು ಮಾತು ತಪ್ಪಿದರಾ?

ಇಲ್ಲ, ಅವರು ಮಾತು ಕೊಟ್ಟೇ ಇರಲಿಲ್ಲ. ಹೊರಟು ನಿಂತವರಿಗೆ ನಾವು "ಬರ್ತಾ ಇರಿ" ಅಂತೀವಲ್ಲ, ಅದೇ ಥರದ ಮಾತು ಅದು. "ಕೀಪ್ ಇನ್ ಟಚ್", "ಸೀ ಯು ಅಗೇನ್" ಕೂಡ ಹಾಗೇ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಡೈರಿಯಲ್ಲಿ ಬರೆದುಕೊಳ್ಳುವುದಿಲ್ಲ.

ನಿಜವಾಗಿ ಮತ್ತೆ ಸಿಗಬೇಕು ಅಂದರೆ ಸ್ಕೆಡ್ ಕೇಳಬೇಕು. ಅಂದರೆ ಮೊದಲೇ ಗೊತ್ತು ಮಾಡಿಕೊಂಡ ಭೇಟಿ. "ಶಲ್ ವಿ ಸೆಟ್ ಅಪ್ ಎ ಸ್ಕೆಡ್?" ಅಂತ ನೇರವಾಗಿ ಕೇಳಿ. ಸಂಕೋಚ ಬೇಡ, ಹ್ಯಾಮ್‌ಗಳಿಗೆ ಇದು ಮಾಮೂಲು. ಒಪ್ಪಿದರೆ ದಿನ, ಹೊತ್ತು, ಫ್ರೀಕ್ವೆನ್ಸಿ ಮೂರನ್ನೂ ಹೇಳಿ: "ನೆಕ್ಸ್ಟ್ ಸಾಟರ್ಡೇ, ಫೋರ್ಟೀನ್ ಹಂಡ್ರೆಡ್ ಯುಟಿಸಿ, ಅರೌಂಡ್ 14.250, ಪ್ಲಸ್ ಆರ್ ಮೈನಸ್ ಕ್ಯೂಆರ್‌ಎಂ." ಆ ಕೊನೆಯ ತುಂಡು ಬಹಳ ಉಪಯೋಗಕ್ಕೆ ಬರುತ್ತದೆ. ಕ್ಯೂಆರ್‌ಎಂ ಅಂದರೆ ಬೇರೆ ಸ್ಟೇಷನ್ನುಗಳ ಅಡಚಣೆ. ಅಲ್ಲಿ ಬೇರೆಯವರು ಮಾತಾಡುತ್ತಿದ್ದರೆ ಸ್ವಲ್ಪ ಮೇಲೆ ಕೆಳಗೆ ಹುಡುಕಿ ಅಂತ ಅರ್ಥ.

ಹೊತ್ತನ್ನು ಯುಟಿಸಿಯಲ್ಲೇ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ಜಾಗತಿಕ ಸಮಯದಲ್ಲೇ, ಹೇಳಿ. 14:00 ಯುಟಿಸಿ ಅಂದರೆ ನಮಗೆ ವರ್ಷಪೂರ್ತಿ ಸಂಜೆ 7:30. ಅವರಿಗೆ ಚಳಿಗಾಲದಲ್ಲಿ ಮಧ್ಯಾಹ್ನ 2, ಬೇಸಿಗೆಯಲ್ಲಿ 3. ಮಾರ್ಚ್ ಕೊನೆಯ ಭಾನುವಾರ ಅವರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಎಷ್ಟೋ ಸ್ಕೆಡ್ ಕೆಡುವುದು ಅಲ್ಲೇ.

ಅವರ ಕಾಲ್‌ಸೈನ್ (ಅವರ ರೇಡಿಯೋ ಗುರುತು) ಬರೆದುಕೊಂಡಿದ್ದೀರಲ್ಲ, ಹ್ಯಾಮ್‌ಗಳ ವಿವರ ಇರುವ ವೆಬ್‌ಸೈಟ್ ಕ್ಯೂಆರ್‌ಝಡ್ ಡಾಟ್ ಕಾಮ್‌ನಲ್ಲಿ ಹುಡುಕಿ. ತುಂಬ ಜನ ಅಲ್ಲಿ ಇಮೇಲ್ ಹಾಕಿರುತ್ತಾರೆ. ಉದ್ದ ಪತ್ರ ಬೇಡ. "ರಿಯಲಿ ಎಂಜಾಯ್ಡ್ ಅವರ್ ಚಾಟ್. ಡ್ರಾಪ್ ಮಿ ಎ ಲೈನ್ ವೆನ್ ಯು ಆರ್ ನೆಕ್ಸ್ಟ್ ಆನ್ ಟ್ವೆಂಟಿ" ಅಂದರೆ ಸಾಕು. ಜೊತೆಗೆ ಅವರು ಮಾತಿನಲ್ಲಿ ಹೇಳಿದ್ದ ಒಂದು ವಿಷಯ ಕೇಳಿ, ಆಂಟೆನಾನೋ, ಮೊಮ್ಮಗನೋ. "ಹೌ ಈಸ್ ದ ನ್ಯೂ ಆಂಟೆನಾ ಕಮಿಂಗ್ ಅಲಾಂಗ್?" ಅನ್ನುವ ಒಂದು ಸಾಲಿಗೆ ಉತ್ತರ ಬರುವಷ್ಟು ಖಾಲಿ "ಹೌ ಆರ್ ಯು"ಗೆ ಬರುವುದಿಲ್ಲ. ಕ್ಯೂಎಸ್‌ಎಲ್ ಕಾರ್ಡ್ (ಮಾತಾಡಿದ್ದನ್ನು ಖಚಿತಪಡಿಸುವ ಕಾರ್ಡ್) ಕಳಿಸಿದರೂ ಚೆನ್ನ, ಆದರೆ ಕಾರ್ಡುಗಳನ್ನು ಒಟ್ಟುಗೂಡಿಸಿ ಕಳಿಸುವ ಬ್ಯೂರೋ ಮೂಲಕ ಹೋದರೆ ತಿಂಗಳುಗಟ್ಟಲೆ ಕಾಯಬೇಕು.

ಸುಮ್ನೆ ಇನ್ನೊಂದು ಮಾತು. "ಸೆವೆಂಟಿ ಥ್ರೀಸ್" ಅನ್ನಬೇಡಿ, ಬರೀ ಸೆವೆಂಟಿ ಥ್ರೀ ಸಾಕು. ಅದರಲ್ಲೇ ಶುಭಾಶಯಗಳು ಅಂತ ಬಂತು. ಹಳಬರಿಗೆ ಆ "ಸ್" ಕೇಳಿದರೆ ಕಿರಿಕಿರಿ. 88 ಅಂದರೆ ಪ್ರೀತಿ, ಮುತ್ತು. ಅದು ಮನೆಯವರಿಗೆ, ತೀರಾ ಸಲುಗೆ ಇರುವವರಿಗೆ.

ಗೊತ್ತು ಮಾಡಿದ ದಿನ ಬ್ಯಾಂಡ್ ತೆರೆಯದೇ, ಅಂದರೆ ಸಿಗ್ನಲ್ ಅಷ್ಟು ದೂರ ತಲುಪದೇ, ಇರಬಹುದು. ಆಗ ಬೇಜಾರಾಗಬೇಡಿ, ಅವರೂ ಅಲ್ಲಿ ಕೂತು ಕರೆದಿರುತ್ತಾರೆ. ಇವತ್ತು ಸಿಗಲಿಲ್ಲ ಅಂತ ಅವತ್ತೇ ಒಂದು ಸಾಲು ಬರೆದುಬಿಡಿ: "ನೋ ಜಾಯ್ ಟುಡೇ. ಸೇಮ್ ಟೈಮ್ ನೆಕ್ಸ್ಟ್ ವೀಕ್?"